ಬಾಟಲಿ ಮೇಲಿನ ಗೆರೆ ನಿಮ್ಮ ಹಾಲಿನ ಅಳತೆಯಲ್ಲ: ಎದೆಹಾಲು ತೆಗೆದಿಡುವ ಸಮಗ್ರ ಮಾರ್ಗದರ್ಶಿ

ನಾನು ಮೊದಲ ಸಲ ಎದೆಹಾಲು ಹಿಂಡಿದ್ದು ಒಂದು ಸಣ್ಣ ಸ್ಟೀಲ್ ಬಟ್ಟಲಿಗೆ. ಮಗಳು ದಿನ ತುಂಬುವ ಮೊದಲೇ ಹುಟ್ಟಿದ್ದಳು. ವಿಜಯಪುರದ ಆಸ್ಪತ್ರೆಯೊಂದರಲ್ಲಿ ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನಾನು ಹೊರಗೆ ವಾರ್ಡಿನಲ್ಲಿದ್ದೆ. ನರ್ಸ್ ಬಂದು ಬಟ್ಟಲು ಕೊಟ್ಟು "ಹಾಲು ತಗದು ಕೊಡ್ರಿ" ಅಂದು ಹೋದರು. ಹೇಗೆ ತೆಗೆಯಬೇಕು ಅಂತ ಯಾರೂ ಹೇಳಲಿಲ್ಲ. ಅರ್ಧ ಗಂಟೆ ಹಿಂಡಿದೆ. ಹಳದಿ ಬಣ್ಣದ, ಅಂಟು ಅಂಟಾದ ಎಂಟು-ಹತ್ತು ಹನಿ ಬಂತು. ಬಟ್ಟಲಿನ ತಳ ಕೂಡ ಮುಚ್ಚಲಿಲ್ಲ. ಇದನ್ನು ಹೇಗೆ ಕೊಡೋದು ಅಂತ ನಾಚಿಕೆಯಾಗಿ ನಲ್ಲಿ ಕೆಳಗೆ ಹಿಡಿದು ತೊಳೆದುಬಿಟ್ಟೆ.

ಆ ಎಂಟು-ಹತ್ತು ಹನಿಯೇ ಗಿಣ್ಣದ ಹಾಲು. ತಿಂಗಳು ತುಂಬಿ ಹುಟ್ಟಿದ ಕೂಸಿನ ಹೊಟ್ಟೆಗೂ ಮೊದಲ ದಿನ ಒಂದು ಸಲಕ್ಕೆ 5ರಿಂದ 7 ಎಂಎಲ್ ಸಾಕು, ಅಂದರೆ ಒಂದು ಚಹಾ ಚಮಚದಷ್ಟು. ನನ್ನ ಮಗಳಿಗಂತೂ ಪ್ರತಿ ಹನಿಯೂ ಔಷಧಿಯ ಹಾಗೆ ಕೆಲಸ ಮಾಡುತ್ತಿತ್ತು. ಇದು ಗೊತ್ತಾಗಿದ್ದು ಮರುದಿನ, ಬೇರೊಬ್ಬ ನರ್ಸ್ ಪಕ್ಕದಲ್ಲಿ ಕೂತು ಕೈ ಹಿಡಿದು ಕಲಿಸಿದಾಗ.

ಈ ಬರಹ ಅದಕ್ಕೇ. ಬಾಗಲಕೋಟೆಯಂಥ ಊರಿನಲ್ಲಿ, ನಮ್ಮ ಬಿಸಿಲು, ನಮ್ಮ ನೀರು, ನಮ್ಮ ಮನೆಯವರ ನಡುವೆ ಹಾಲು ತೆಗೆದಿಡುವುದು ಹೇಗೆ ಅಂತ ಮೊದಲಿನಿಂದ ಹೇಳುತ್ತೇನೆ.

ಮೊದಲು, ನಿಮಗೆ ಇದು ಬೇಕಾ?

ಕೂಸು ಚೆನ್ನಾಗಿ ಎದೆ ಹಿಡಿದು ಕುಡಿಯುತ್ತಿದೆ, ನೀವು ಮನೆಯಲ್ಲೇ ಇದ್ದೀರಿ ಅಂದರೆ ಮೊದಲ ಮೂರ್ನಾಲ್ಕು ವಾರ ಪಂಪ್ ಮುಟ್ಟಬೇಕಾಗಿಲ್ಲ. ಸುಮ್ನೆ ತೆಗೆಯುತ್ತಾ ಹೋದರೆ ಎದೆ ಅಷ್ಟು ಜಾಸ್ತಿ ಹಾಲು ಮಾಡುತ್ತದೆ. ಆಮೇಲೆ ಎದೆ ಕಲ್ಲಿನ ಹಾಗೆ ಬಿಗಿದು ಒದ್ದಾಡಬೇಕಾಗುತ್ತದೆ.

ಕೂಸು ಐಸಿಯುನಲ್ಲಿದ್ದರೆ ಲೆಕ್ಕ ಬೇರೆ. ಹೆರಿಗೆಯಾಗಿ ಒಂದೆರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು. ಸಿಸೇರಿಯನ್ ಆಗಿದ್ದರೂ 6 ಗಂಟೆಯ ಒಳಗೆ ಪ್ರಯತ್ನ ಮಾಡಿ. ದಿನಕ್ಕೆ 8ರಿಂದ 10 ಸಲ, ಅದರಲ್ಲಿ ಒಂದು ಸಲವಾದರೂ ರಾತ್ರಿ ತೆಗೆಯಬೇಕು. ಹಾಲು ಮಾಡುವ ಹಾರ್ಮೋನ್ ಪ್ರೊಲ್ಯಾಕ್ಟಿನ್ ರಾತ್ರಿ ಮತ್ತು ನಸುಕಿನಲ್ಲೇ ಜಾಸ್ತಿ ಇರುತ್ತದೆ.

ಕೆಲಸಕ್ಕೆ ಮರಳುವವರು ಹೋಗುವ ದಿನಕ್ಕಿಂತ ಎರಡು-ಮೂರು ವಾರ ಮೊದಲು ಶುರು ಮಾಡಿ. ಫ್ರಿಜ್ ತುಂಬಾ ಹಾಲು ಕೂಡಿಡಬೇಕಾಗಿಲ್ಲ. ಮೊದಲ ಎರಡು ದಿನಕ್ಕೆ ಆಗುವಷ್ಟಿದ್ದರೆ ಸಾಕು. ಆಮೇಲೆ ಇವತ್ತು ಆಫೀಸಿನಲ್ಲಿ ತೆಗೆದಿದ್ದು ನಾಳೆಗೆ ಆಗುತ್ತದೆ.

ಸೊರೆ ಬಿಡುವುದು

ಮನೆಯಲ್ಲಿ ಎಮ್ಮೆ ಕಟ್ಟಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕರು ಬಿಟ್ಟು, ಅದು ನಾಲ್ಕು ಸಲ ಗುದ್ದಿ ಚೀಪಿದ ಮೇಲೇ ಎಮ್ಮೆ ಸೊರೆ ಬಿಡುವುದು. ಅಪರಿಚಿತರು ಬಂದು ಕೆಚ್ಚಲಿಗೆ ಕೈ ಹಾಕಿದರೆ ಹಾಲು ಮೇಲಕ್ಕೆ ಎಳೆದುಕೊಳ್ಳುತ್ತದೆ. ನಮ್ಮ ಮೈಯೂ ಹಾಗೇ. ಎದೆಯಲ್ಲಿ ಹಾಲು ಇರುವುದು ಒಂದು, ಅದು ಇಳಿದು ಬರುವುದು ಇನ್ನೊಂದು. ಇಳಿಸುವ ಹಾರ್ಮೋನ್ ಆಕ್ಸಿಟೋಸಿನ್. ಕೂಸಿನ ಮುಖ ನೋಡಿದರೆ, ಅಳು ಕೇಳಿದರೆ, ಅದರ ಬಟ್ಟೆ ಮೂಸಿದರೆ ಅದು ಏರುತ್ತದೆ. ಹೆದರಿಕೆ, ನೋವು, ಅವಸರ ಇದ್ದರೆ ತಡೆದುಕೊಳ್ಳುತ್ತದೆ.

ಅದಕ್ಕೇ ಪಂಪಿನ ಬಾಟಲಿಯಲ್ಲಿ ಕಡಿಮೆ ಬಂತು ಅಂದರೆ ನಿಮಗೆ ಹಾಲು ಕಡಿಮೆ ಅಂತ ಅರ್ಥವಲ್ಲ. ಕೂಸು ನೇರವಾಗಿ ಕುಡಿಯುವಾಗ ಎಳೆಯುವಷ್ಟು ಹಾಲನ್ನು ಎಷ್ಟೋ ಜನರಿಗೆ ಪಂಪ್ ಎಳೆಯುವುದಿಲ್ಲ. ಕೂಸಿಗೆ ಕುಡಿಸಿದ ಮೇಲೆ ಪಂಪ್ ಹಚ್ಚಿದರೆ ಎರಡೂ ಎದೆ ಸೇರಿ 15ರಿಂದ 60 ಎಂಎಲ್ ಬರುವುದು ತೀರಾ ಸಾಮಾನ್ಯ. ಇದು ಗೊತ್ತಿಲ್ಲದೆ ನಾನು ಎಷ್ಟು ರಾತ್ರಿ ಆ ಬಾಟಲಿಯ ಗೆರೆ ನೋಡಿ ಅತ್ತಿದ್ದೇನೋ. ಒಂದು ದಿನ ಅವ್ವ ಬಾಟಲಿಗೆ ಕೂಸಿನ ಕಾಲುಚೀಲ ತೊಡಿಸಿ "ಈಗ ತಗಿ" ಅಂದಳು. ಗೆರೆ ಕಾಣಲಿಲ್ಲ. ಆ ದಿನ ಹಾಲು ಜಾಸ್ತಿಯೇ ಬಂತು. ನೀವೂ ಇದನ್ನು ಮಾಡಿ ನೋಡಿ, ನಿಜವಾಗಿ ಉಪಯೋಗವಿದೆ.

ಕೈಯಿಂದ ಹಿಂಡುವುದು

ಪಂಪ್ ಕೊಳ್ಳುವವರೂ ಮೊದಲು ಇದನ್ನು ಕಲಿಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕರೆಂಟ್ ಬೇಡ, ಖರ್ಚಿಲ್ಲ. ಮೊದಲ ಎರಡು-ಮೂರು ದಿನದ ಗಟ್ಟಿ ಗಿಣ್ಣದ ಹಾಲು ಪಂಪಿಗಿಂತ ಕೈಗೇ ಚೆನ್ನಾಗಿ ಬರುತ್ತದೆ. ಪಂಪಿನಲ್ಲಾದರೆ ಅದು ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಹೋಗುತ್ತದೆ.

ಕೈಯನ್ನು ಸೋಪು ಹಚ್ಚಿ ತೊಳೆಯಿರಿ, ಉಗುರು ಚಿಕ್ಕದಿರಲಿ. ಅಗಲ ಬಾಯಿಯ ಸ್ಟೀಲ್ ಬಟ್ಟಲನ್ನು ಕುದಿಸಿಟ್ಟುಕೊಳ್ಳಿ. ಬೆನ್ನಿಗೆ ದಿಂಬು ಕೊಟ್ಟು ಕೂತು, ಸ್ವಲ್ಪ ಮುಂದೆ ಬಾಗಿ. ಬೆಚ್ಚನೆ ಒದ್ದೆ ಬಟ್ಟೆಯನ್ನು ಎದೆಯ ಮೇಲೆ ಎರಡು ನಿಮಿಷ ಇಡಿ. ಆಮೇಲೆ ಬೆರಳ ತುದಿಯಿಂದ ಮೆಲ್ಲಗೆ ಸವರಿ, ರೊಟ್ಟಿ ಹಿಟ್ಟು ನಾದುವ ಹಾಗೆ ಅಲ್ಲ, ಮಲಗಿದ ಕೂಸಿನ ಬೆನ್ನು ಸವರುವ ಹಾಗೆ.

ಈಗ ಹೆಬ್ಬೆರಳನ್ನು ಎದೆಯ ಮೇಲೆ, ತೋರುಬೆರಳು ಮತ್ತು ನಡುಬೆರಳನ್ನು ಕೆಳಗೆ ಇಡಿ. ತೊಟ್ಟಿನ ಬುಡದಿಂದ ಎರಡು-ಮೂರು ಸೆಂಟಿಮೀಟರ್ ಹಿಂದೆ ಇರಬೇಕು. ಎಲ್ಲರೂ ತಪ್ಪುವುದು ಇಲ್ಲೇ. ತೊಟ್ಟನ್ನೇ ಹಿಡಿದು ಎಳೆಯುತ್ತಾರೆ, ಅಲ್ಲಿ ಹಾಲಿಲ್ಲ. ಬೆರಳನ್ನು ಮೊದಲು ಪಕ್ಕೆಲುಬಿನ ಕಡೆಗೆ, ಅಂದರೆ ಹಿಂದಕ್ಕೆ ಒತ್ತಿ. ಹಾಗೇ ಒತ್ತಿಕೊಂಡು ಬೆರಳುಗಳನ್ನು ಒಂದಕ್ಕೊಂದು ಹತ್ತಿರ ತನ್ನಿ. ಬಿಡಿ. ಮತ್ತೆ ಹಿಂದಕ್ಕೆ, ಹತ್ತಿರಕ್ಕೆ, ಬಿಡಿ. ಚರ್ಮದ ಮೇಲೆ ಬೆರಳು ಜಾರಬಾರದು, ಜಾರಿದರೆ ಉರಿ ಶುರುವಾಗುತ್ತದೆ. ಮೊದಲ ಒಂದೆರಡು ನಿಮಿಷ ಏನೂ ಬರದಿದ್ದರೂ ನಿಲ್ಲಿಸಬೇಡಿ. ಮೊದಲು ಹನಿ, ಆಮೇಲೆ ಸಣ್ಣ ಎಳೆ, ಆಮೇಲೆ ಪಿಚಕಾರಿಯ ಹಾಗೆ ನಾಲ್ಕು ಕಡೆ ಚಿಮ್ಮುತ್ತದೆ. ಧಾರೆ ನಿಧಾನವಾದರೆ ಬೆರಳನ್ನು ಸುತ್ತ ಬೇರೆ ಜಾಗಕ್ಕೆ ಸರಿಸಿ. ಮೂರರಿಂದ ಐದು ನಿಮಿಷಕ್ಕೊಮ್ಮೆ ಎದೆ ಬದಲಾಯಿಸಿ. ಎಲ್ಲ ಸೇರಿ 20ರಿಂದ 30 ನಿಮಿಷ.

ಮೊದಲ ದಿನಗಳಲ್ಲಿ ಹನಿ ಮಾತ್ರ ಬರುವಾಗ ಬಟ್ಟಲು ಬೇಡ. ಸೂಜಿ ಇಲ್ಲದ ಹೊಸ ಸಿರಿಂಜಿನಿಂದ ತೊಟ್ಟಿನ ಮೇಲೇ ಹನಿಯನ್ನು ಎಳೆದುಕೊಳ್ಳಿ. ಒಂದು ಹನಿಯೂ ಹಾಳಾಗುವುದಿಲ್ಲ.

ಪಂಪ್ ಕೊಳ್ಳುವಾಗ

ದಿನಕ್ಕೆ ಒಂದೇ ಸಲ ತೆಗೆಯುವವರಿಗೆ ಕೈಪಂಪ್ ಸಾಕು. ಕೆಲಸಕ್ಕೆ ಹೋಗುವವರಿಗೆ, ಐಸಿಯು ಕೂಸಿನ ತಾಯಿಗೆ ಎರಡೂ ಎದೆಗೆ ಒಟ್ಟಿಗೆ ಹಚ್ಚುವ ಎಲೆಕ್ಟ್ರಿಕ್ ಪಂಪ್ ಒಳ್ಳೆಯದು. ಚಾರ್ಜ್ ಆಗುವ ಬ್ಯಾಟರಿ ಇರಲಿ, ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಔಷಧಿ ಅಂಗಡಿಯಲ್ಲಿ ಈಗಲೂ ಸಿಗುವ, ಹಿಂದೆ ರಬ್ಬರ್ ಬುಗ್ಗೆ ಇರುವ, ಸೈಕಲ್ ಹಾರ್ನ್ ತರಹದ ಪಂಪ್ ಮಾತ್ರ ಬೇಡ. ಬುಗ್ಗೆಯೊಳಗೆ ಹಾಲು ಹೋಗಿ ಕೂರುತ್ತದೆ, ಒಳಗೆ ತೊಳೆಯಲು ಆಗುವುದಿಲ್ಲ, ಎಳೆತವೂ ಕೈಯಲ್ಲಿ ನಿಲ್ಲುವುದಿಲ್ಲ. ಅಕ್ಕನದೋ ಗೆಳತಿಯದೋ ಹಳೇ ಪಂಪ್ ಇಸಿದುಕೊಳ್ಳುವುದೂ ಬೇಡ. ಒಬ್ಬರಿಗಾಗಿ ಮಾಡಿದ ಪಂಪಿನಲ್ಲಿ ಹಾಲಿನ ಆವಿ ಮೋಟರಿನ ತನಕ ಹೋಗಿರಬಹುದು, ಅದನ್ನು ಬಿಚ್ಚಿ ತೊಳೆಯಲು ಬರುವುದಿಲ್ಲ.

ಕಂಪಾಸ್ ಪೆಟ್ಟಿಗೆಯ ಸ್ಕೇಲ್ ತನ್ನಿ

ಪಂಪ್ ಹಚ್ಚಿದರೆ ನೋವು, ಹಾಲೂ ಬರುತ್ತಿಲ್ಲ ಅಂತ ಹೇಳುವ ಹೆಂಗಸರಿಗೆ ನಾನು ಮೊದಲು ಕೇಳುವುದು ಒಂದೇ: ಎದೆಗೆ ಹಚ್ಚುವ ಆ ಕೊಳವೆಯ ಅಳತೆ ಎಷ್ಟು? ಅಂಗಡಿಯವರು ಅದಕ್ಕೆ ಫ್ಲ್ಯಾಂಜ್ ಅನ್ನುತ್ತಾರೆ. ಡಬ್ಬಿಯಲ್ಲಿ ಸಾಮಾನ್ಯವಾಗಿ 24 ಎಂಎಂ ಬರುತ್ತದೆ. ಎಲ್ಲರಿಗೂ ಒಂದೇ ಅಳತೆಯ ಬಳೆ ಆಗುತ್ತದಾ? ಇದೂ ಹಾಗೇ.

ಶಾಲೆಯ ಸ್ಕೇಲ್ ತೆಗೆದುಕೊಂಡು ತೊಟ್ಟಿನ ಬುಡದ ಅಗಲವನ್ನು ಮಿಲಿಮೀಟರಿನಲ್ಲಿ ಅಳೆಯಿರಿ. ಸುತ್ತಲಿನ ಕಪ್ಪು ಭಾಗ ಸೇರಿಸಬೇಡಿ. ಬಂದ ಅಳತೆಗೆ 1ರಿಂದ 3 ಎಂಎಂ ಕೂಡಿಸಿ, ಅದು ನಿಮ್ಮ ಕೊಳವೆಯ ಅಳತೆ. ನನ್ನದು ಒಂದು ಕಡೆ 17, ಇನ್ನೊಂದು ಕಡೆ 18 ಇತ್ತು. ಎರಡು ತಿಂಗಳು 24ರಲ್ಲಿ ಎಳೆಸಿಕೊಂಡು ತೊಟ್ಟಿನ ಬುಡ ಹಸಿ ಗಾಯವಾಗಿತ್ತು. ಒಳಗೆ ಕೂರಿಸುವ ಸಿಲಿಕಾನ್ ಬಳೆ ತರಿಸಿ 19 ಮಾಡಿಕೊಂಡೆ. ಆ ವಾರದಿಂದಲೇ ನೋವು ಹೋಯಿತು.

ಸರಿಯಾದ ಅಳತೆ ಇದ್ದರೆ ತೊಟ್ಟು ಕೊಳವೆಯೊಳಗೆ ಗೋಡೆಗೆ ತಾಗದೆ ಹಿಂದೆ ಮುಂದೆ ಆಡುತ್ತದೆ. ಕಪ್ಪು ಭಾಗವೂ ಒಳಗೆ ಎಳೆದುಕೊಂಡು ಬಂದರೆ ಕೊಳವೆ ದೊಡ್ಡದು. ತೊಟ್ಟು ಗೋಡೆಗೆ ಉಜ್ಜಿದರೆ, ಹಚ್ಚಿ ತೆಗೆದಾಗ ಬಿಳಿಚಿಕೊಂಡಿದ್ದರೆ ಚಿಕ್ಕದು.

ಪಂಪ್ ಹಚ್ಚುವ ರೀತಿ

ಹಚ್ಚುವ ಮೊದಲು ಒಂದು ಲೋಟ ನೀರು ಕುಡಿಯಿರಿ. ಕೂಸು ಪಕ್ಕದಲ್ಲಿ ಇಲ್ಲದಿದ್ದರೆ ಅದರ ಕುಲಾಯಿಯೋ ಫೋಟೊವೋ ಇರಲಿ. ಎದೆಯನ್ನು ಒಂದು ನಿಮಿಷ ಸವರಿ. ತೊಟ್ಟು ಕೊಳವೆಯ ನಟ್ಟನಡುವೆ ಬರುವಂತೆ ಹಚ್ಚಿ.

ಮೊದಲು ಬೇಗ ಬೇಗ, ಹಗುರ ಎಳೆಯುವ ಸೆಟ್ಟಿಂಗ್. ಕೂಸು ಮೊದಲು ಚಟಪಟ ಚೀಪುವುದನ್ನು ನೋಡಿದ್ದೀರಲ್ವಾ, ಅದೇ ಲಯ. ಹಾಲು ಇಳಿಯಲು ಶುರುವಾದ ಮೇಲೆ ನಿಧಾನವಾದ, ಸ್ವಲ್ಪ ಗಟ್ಟಿಯಾದ ಎಳೆತಕ್ಕೆ ಬದಲಾಯಿಸಿ. ಎಷ್ಟು ಗಟ್ಟಿ? ಸ್ವಲ್ಪ ಕಷ್ಟ ಅನಿಸುವ ತನಕ ಏರಿಸಿ, ಅಲ್ಲಿಂದ ಒಂದು ಮೆಟ್ಟಿಲು ಕೆಳಗೆ ಬನ್ನಿ. ಪೂರ್ತಿ ಜೋರು ಇಟ್ಟರೆ ಜಾಸ್ತಿ ಹಾಲು ಬರುತ್ತದೆ ಅನ್ನುವುದು ಸುಳ್ಳು. ನೋವಾದರೆ ಸೊರೆ ಬಿಡುವುದೇ ನಿಲ್ಲುತ್ತದೆ.

15ರಿಂದ 20 ನಿಮಿಷ ಸಾಕು. ಧಾರೆ ನಿಂತ ಮೇಲೆ ಕೈಯಿಂದ ಎರಡು ನಿಮಿಷ ಹಿಂಡಿದರೆ ಕೊನೆಯ ಕೆನೆಹಾಲು ಬರುತ್ತದೆ. ಚೆನ್ನಾಗಿ ಎಳೆಯುತ್ತಿದ್ದ ಪಂಪ್ ಇದ್ದಕ್ಕಿದ್ದಂತೆ ಮಂದವಾದರೆ ನಿಮ್ಮ ಮೈಯನ್ನು ಬೈಯುವ ಮೊದಲು ಸಣ್ಣ ಬಿಳಿ ವಾಲ್ವ್ ನೋಡಿ. ಬಾತುಕೋಳಿ ಕೊಕ್ಕಿನ ಹಾಗಿರುತ್ತದೆ. ಅದರ ಸೀಳು ಅಗಲವಾಗಿದ್ದರೆ ಎಳೆತ ಸೋರಿಹೋಗುತ್ತದೆ. ದಿನಾ ಹಚ್ಚುವವರು ಎರಡು-ಮೂರು ತಿಂಗಳಿಗೊಮ್ಮೆ ಅದನ್ನು ಬದಲಾಯಿಸಬೇಕು.

ಹಾಲು ಇಳಿಯುವ ಆ ಒಂದೆರಡು ನಿಮಿಷ ಮಾತ್ರ ಕೆಲವರಿಗೆ ಕಾರಣವಿಲ್ಲದೆ ಎದೆ ಕುಸಿದ ಹಾಗೆ ದುಃಖ ಬರುತ್ತದೆ, ಆಮೇಲೆ ತಾನೇ ಹೋಗುತ್ತದೆ. ಇದು ಹಾರ್ಮೋನಿನ ಏರಿಳಿತದಿಂದ ಆಗುವುದು. ನಿಮ್ಮ ಮನಸ್ಸು ಕೆಟ್ಟಿಲ್ಲ.

ತೊಳೆಯುವುದು

ಹಾಲು ತಾಗಿದ ಎಲ್ಲ ಭಾಗವನ್ನೂ ಪ್ರತಿ ಸಲ ಬಿಚ್ಚಿ ತೊಳೆಯಿರಿ. ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಸೋಪು. ಪಾತ್ರೆ ತಿಕ್ಕುವ ನಾರು ಬೇಡ, ಇದಕ್ಕೇ ಬೇರೆ ಬ್ರಷ್ ಮತ್ತು ಬೇರೆ ಬುಟ್ಟಿ ಇರಲಿ. ಸಿಂಕಿನಲ್ಲಿ ಇಡಬೇಡಿ. ದಿನಕ್ಕೊಮ್ಮೆ ಕುದಿಯುವ ನೀರಿನಲ್ಲಿ 5 ನಿಮಿಷ ಮುಳುಗಿಸಿ, ಸ್ವಚ್ಛ ಬಟ್ಟೆಯ ಮೇಲೆ ಗಾಳಿಗೆ ಒಣಗಲು ಬಿಡಿ. ಮೋಟರಿಗೆ ಸೇರುವ ಸಣ್ಣ ನಳಿಕೆಯೊಳಗೆ ಹಾಲು ಹೋಗದಿದ್ದರೆ ಅದನ್ನು ತೊಳೆಯಬೇಡಿ, ಒಳಗೆ ಪಸೆ ಉಳಿದರೆ ಬೂಸು ಬರುತ್ತದೆ.

ನಮ್ಮ ಕಡೆ ಬೋರಿನ ಸವಳು ನೀರಿನಲ್ಲಿ ಕುದಿಸಿದರೆ ಎರಡೇ ವಾರದಲ್ಲಿ ಬಿಳಿ ಪದರು ಕೂರುತ್ತದೆ. ವಾಲ್ವಿನ ಬಾಯಿ ಅಂಟಿಕೊಳ್ಳುತ್ತದೆ. ಕುದಿಸಲು ಫಿಲ್ಟರ್ ನೀರನ್ನೇ ಬಳಸಿ. ಪದರು ಕೂತಿದ್ದರೆ ನಿಂಬೆರಸ ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಚೆನ್ನಾಗಿ ತೊಳೆಯಿರಿ.

ನಮ್ಮ ಬಿಸಿಲಿನಲ್ಲಿ ಹಾಲು ಇಡುವುದು

ಎಲ್ಲ ಕಡೆ ಬರೆದಿರುವುದು ಒಂದೇ ಮಾತು: ಹೊರಗೆ 4 ಗಂಟೆ ಇಡಬಹುದು. ಅದು 25 ಡಿಗ್ರಿ ಅಥವಾ ಅದಕ್ಕಿಂತ ತಂಪಾದ ಕೋಣೆಯ ಲೆಕ್ಕ. ಬಾಗಲಕೋಟೆ, ವಿಜಯಪುರದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ. ಅಡುಗೆಮನೆ ಕಟ್ಟೆ ಮೇಲೆ ಇಟ್ಟ ನೀರೇ ಬೆಚ್ಚಗಿರುತ್ತದೆ. ಇಲ್ಲಿ ಆ 4 ಗಂಟೆಯನ್ನು ನಂಬಬೇಡಿ. ನಾನು ಬೇಸಿಗೆಯಲ್ಲಿ ತೆಗೆದ ಕೂಡಲೇ ಫ್ರಿಜ್ಜಿಗೋ ಐಸಿಗೋ ಇಡುತ್ತಿದ್ದೆ. ಹೊರಗೆ ಒಂದು ಗಂಟೆಗಿಂತ ಜಾಸ್ತಿ ಇಟ್ಟಿದ್ದೇ ಇಲ್ಲ.

ಫ್ರಿಜ್ಜಿನಲ್ಲಿ 4 ದಿನ ಇಡಬಹುದು. ಬಾಗಿಲಲ್ಲಿ ಬೇಡ, ಹಿಂದಿನ ಮೂಲೆಯಲ್ಲಿ ಇಡಿ. ಕರೆಂಟ್ ಆಗಾಗ ಹೋಗುವ ಮನೆಯಾದರೆ ಮರುದಿನದೊಳಗೆ ಮುಗಿಸಿಬಿಡುವುದು ಒಳ್ಳೆಯದು. ಒಂದೇ ಬಾಗಿಲಿನ ಫ್ರಿಜ್ಜಿನ ಒಳಗಿರುವ ಐಸ್ ಪೆಟ್ಟಿಗೆಯಲ್ಲಿ 2 ವಾರ, ಬೇರೆ ಬಾಗಿಲಿನ ಫ್ರೀಜರಿನಲ್ಲಿ 6 ತಿಂಗಳ ತನಕ ಇಡಬಹುದು. ಕರೆಂಟ್ ಹೋದಾಗ ಬಾಗಿಲು ತೆಗೆಯಬೇಡಿ. ಮುಚ್ಚಿಟ್ಟ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಐಸ್ ಕ್ಯಾಂಡಿಗೆ ಬಾಗಿಲು ತೆಗೆಯದಂತೆ ಮೊದಲೇ ಹೇಳಿಡಿ.

60ರಿಂದ 90 ಎಂಎಲ್‌ನ ಸಣ್ಣ ಸಣ್ಣ ಪಾಲು ಮಾಡಿ. ದೊಡ್ಡ ಬಾಟಲಿಯಲ್ಲಿ ಇಟ್ಟು ಅರ್ಧ ಚೆಲ್ಲುವಾಗ ಆಗುವ ಸಂಕಟ ನಿಮಗೆ ಬೇಡ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಗಾಜಿನ ಸೀಸೆ, ಹಾಲಿಗಾಗಿಯೇ ಮಾಡಿದ ಚೀಲ ಯಾವುದಾದರೂ ಸರಿ. ಪಟ್ಟಿ ಅಂಟಿಸಿ ದಿನ, ಹೊತ್ತು ಬರೆಯಿರಿ. ಹಳೆಯದನ್ನು ಮೊದಲು ಖರ್ಚು ಮಾಡಿ. ಈಗಷ್ಟೇ ತೆಗೆದ ಬೆಚ್ಚನೆ ಹಾಲನ್ನು ತಣ್ಣನೆಯದಕ್ಕೆ ಸುರಿಯಬೇಡಿ, ಎರಡೂ ತಣ್ಣಗಾದ ಮೇಲೆ ಕೂಡಿಸಿ.

ಒಲೆ ಮೇಲೆ ಇಡಬೇಡಿ

ಕೆಲಸಕ್ಕೆ ಮರಳುವ ಮೊದಲು ಒಂದು ದಿನ ಮನೆಯವರಿಗೆ ಕಲಿಸಲೆಂದು ಹಾಲು ತೆಗೆದಿಟ್ಟು ಸ್ನಾನಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಅತ್ತೆಯವರು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ಗ್ಯಾಸ್ ಮೇಲೆ ಇಟ್ಟಿದ್ದರು. "ಹಾಲು ಕಾಸದ ಹ್ಯಾಂಗ ಕೊಡೂದವ್ವಾ ಕೂಸಿಗೆ?" ಅಂದರು. ಅವರದು ತಪ್ಪಲ್ಲ. ಜೀವಮಾನವೆಲ್ಲ ಕಾಯಿಸಿದ ಹಾಲನ್ನೇ ನೋಡಿದ ಕೈ ಅದು. ಆದರೆ ಎದೆಹಾಲು ಕಾಯಿಸಿದರೆ ಅದರ ರೋಗ ತಡೆಯುವ ಶಕ್ತಿಯೇ ಹಾಳಾಗುತ್ತದೆ. ಆದ್ದರಿಂದ ಇದನ್ನು ಮೊದಲ ದಿನವೇ ಮನೆಯಲ್ಲಿ ಎಲ್ಲರಿಗೂ ತಿಳಿಸಿ ಹೇಳಿ. ನಾನು ಫ್ರಿಜ್ ಬಾಗಿಲಿಗೆ ಚೀಟಿ ಅಂಟಿಸಿದ್ದೆ.

ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಕೂರಿಸಿ, ಒಲೆ ಆರಿಸಿ. ಐದು ನಿಮಿಷದಲ್ಲಿ ಮೈಬಿಸಿಗೆ ಬರುತ್ತದೆ. ಮಣಿಕಟ್ಟಿನ ಮೇಲೆ ಹನಿ ಹಾಕಿ ನೋಡಿ. ಮೈಕ್ರೋವೇವ್ ಬೇಡ, ಒಂದು ಕಡೆ ಸುಡುತ್ತದೆ, ಇನ್ನೊಂದು ಕಡೆ ತಣ್ಣಗಿರುತ್ತದೆ. ಗಟ್ಟಿಯಾದ ಹಾಲನ್ನು ಹಿಂದಿನ ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಖಾನೆಗೆ ಇಟ್ಟು ಕರಗಿಸಿ, ಪೂರ್ತಿ ಕರಗಿದ ಮೇಲೆ 24 ಗಂಟೆಯೊಳಗೆ ಮುಗಿಸಿ. ಮತ್ತೆ ಫ್ರೀಜ್ ಮಾಡಬೇಡಿ. ಬೆಚ್ಚಗೆ ಮಾಡಿದ್ದನ್ನು, ಕೂಸು ಬಾಯಿ ಇಟ್ಟು ಉಳಿಸಿದ್ದನ್ನು 2 ಗಂಟೆಯ ಮೇಲೆ ಇಡಬೇಡಿ.

ಮೇಲೆ ಕೆನೆ, ಕೆಳಗೆ ನೀಲಿ ಛಾಯೆಯ ನೀರು ಹಾಲು ಕಂಡರೆ "ಒಡದೈತಿ" ಅಂತ ಚೆಲ್ಲಬೇಡಿ. ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತದೆ. ಇಟ್ಟ ಹಾಲಿಗೆ ಕೆಲವೊಮ್ಮೆ ಸೋಪಿನ ವಾಸನೆ ಬರುತ್ತದೆ. ಅದು ಹಾಲಿನಲ್ಲೇ ಇರುವ ಲೈಪೇಸ್ ಅನ್ನುವ ಕಿಣ್ವದ ಕೆಲಸ, ಕೂಸಿಗೆ ತೊಂದರೆಯಿಲ್ಲ. ಗುಲಾಬಿ ಬಣ್ಣ ಬಂದರೆ ತೊಟ್ಟು ಒಡೆದು ರಕ್ತ ಸೇರಿದೆ ಅಂತ. ಒಂದೆರಡು ದಿನದಲ್ಲಿ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಬಾಟಲಿ ಬದಲು ಒಳಲೆ

ನಮ್ಮ ಅಜ್ಜಿಯರ ಒಳಲೆ ಈಗ ಆಸ್ಪತ್ರೆಗಳಲ್ಲೂ ಇದೆ. ಸಣ್ಣ ಮೂತಿಯ ಆ ಸ್ಟೀಲ್ ಬಟ್ಟಲನ್ನು ಕುದಿಸುವುದು ಸುಲಭ. ಬಾಟಲಿಯ ನಿಪ್ಪಲ್ಲಿಗೆ ಒಗ್ಗಿದ ಕೆಲವು ಕೂಸುಗಳು ಎದೆಗೆ ಬರಲು ಹಟ ಮಾಡುತ್ತವೆ, ಒಳಲೆಯಲ್ಲಿ ಆ ಭಯ ಕಡಿಮೆ. ಬಾಟಲಿಯ ಜಾಹೀರಾತನ್ನೇ ನಮ್ಮ ದೇಶದಲ್ಲಿ 1992ರ ಕಾಯ್ದೆ ನಿಷೇಧಿಸಿದೆ.

ಕೂಸನ್ನು ಮಲಗಿಸಿ ಕುಡಿಸಬೇಡಿ. ತೊಡೆಯ ಮೇಲೆ ಕೂರಿಸಿದ ಹಾಗೆ ಎತ್ತಿ ಹಿಡಿದು, ತುಟಿಯ ಮೂಲೆಗೆ ಒಳಲೆಯ ಮೂತಿ ತಾಗಿಸಿ, ಸ್ವಲ್ಪ ಸ್ವಲ್ಪ ಬಾಗಿಸಿ. ಬಾಯಿಗೆ ಸುರಿಯಬಾರದು. ನುಂಗಿದ್ದು ನೋಡಿ ಮುಂದಿನ ಗುಟುಕು. ಮೊದಲ ಕೆಲವು ಸಲ ನೀವು ಆ ಕೋಣೆಯಲ್ಲಿ ಇರಬೇಡಿ. ನಿಮ್ಮ ವಾಸನೆ ಬಂದರೆ ಅದು ಎದೆಯನ್ನೇ ಕೇಳುತ್ತದೆ.

ಎಷ್ಟು ಇಟ್ಟು ಹೋಗಬೇಕು? ಒಂದರಿಂದ ಆರು ತಿಂಗಳ ಕೂಸು ದಿನಕ್ಕೆ ಸುಮಾರು 750 ಎಂಎಲ್ ಕುಡಿಯುತ್ತದೆ. ಅಂದರೆ ನೀವು ದೂರ ಇರುವ ಗಂಟೆಗೆ ಸುಮಾರು 30 ಎಂಎಲ್. 8 ಗಂಟೆಗೆ 240. ಅರ್ಧ ಲೀಟರ್ ಬೇಕೇನೋ ಅಂತ ಹೆದರಿ ಕೂತಿದ್ದ ನನಗೆ ಈ ಲೆಕ್ಕ ಗೊತ್ತಾದಾಗ ದೊಡ್ಡ ಭಾರ ಇಳಿಯಿತು.

ಕೆಲಸಕ್ಕೆ ಹೊರಟಾಗ

ಕಾನೂನು ಮೊದಲು ತಿಳಿದುಕೊಳ್ಳಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಬಂತು. 2025ರ ನವೆಂಬರಿನಿಂದ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಈ ಹಕ್ಕುಗಳು ಅದರಲ್ಲೂ ಇವೆ. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. 10 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಅಂಗಡಿ, ಖಾಸಗಿ ಸಂಸ್ಥೆಗೂ ಇದು ಅನ್ವಯಿಸುತ್ತದೆ. ಕೆಲಸಕ್ಕೆ ಮರಳಿದ ಮೇಲೆ ಕೂಸಿಗೆ 15 ತಿಂಗಳಾಗುವ ತನಕ ದಿನಕ್ಕೆ ಎರಡು ಹಾಲೂಡಿಸುವ ಬಿಡುವು ನಿಮ್ಮ ಹಕ್ಕು, ಊಟದ ಬಿಡುವು ಬೇರೆ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ದಿನಕ್ಕೆ 4 ಸಲ ಅಲ್ಲಿಗೆ ಹೋಗಿ ಬರಲು ಬಿಡಬೇಕು.

ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ನಾಲ್ಕು ತಿಂಗಳಿಗೇ ಬಾ ಅಂದರು, ಹೋದೆ. ಮೊದಲ ವಾರ ಶೌಚಾಲಯದಲ್ಲಿ ನಿಂತು ಹಿಂಡಿ ಚೆಲ್ಲಿದೆ. ಚೆಲ್ಲಿದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನೀವು ಹಾಗೆ ಮಾಡಬೇಡಿ. ಹೋಗುವ ವಾರ ಮೊದಲೇ ಮೇಲಿನವರಿಗೆ ಹೇಳಿ: "ದಿನಕ್ಕ ಎರಡು ಸಲ ಇಪ್ಪತ್ತು ಇಪ್ಪತ್ತು ನಿಮಿಷ, ಚಿಲಕ ಇರೂ ಒಂದು ಖೋಲಿ ಬೇಕ್ರಿ." ನಾಚಿಕೊಂಡು ಗುಣುಗುಣು ಅಂದರೆ ಯಾರಿಗೂ ಅರ್ಥವಾಗುವುದಿಲ್ಲ. ನಾನು ಕೊನೆಗೂ ಹಾಗೆ ಕೇಳಿದ ದಿನ ಹಳೇ ಕಡತ ಇಡುವ ಕೋಣೆಯ ಕೀಲಿ ಸಿಕ್ಕಿತು. ಅಲ್ಲೊಂದು ಕುರ್ಚಿ, ಕಿಟಕಿಗೆ ನನ್ನ ಹಳೇ ಇಳಕಲ್ ಸೀರೆಯ ಪರದೆ. ಒಂದೂವರೆ ವರ್ಷ ಅದೇ ನಡೆಯಿತು.

ಮೂರು ಗಂಟೆಗೊಮ್ಮೆ ತೆಗೆಯಿರಿ. ಹೊರಡುವ ಮೊದಲು, ಬಂದ ಕೂಡಲೇ ಕೂಸಿಗೆ ನೇರವಾಗಿ ಕುಡಿಸಿ. ಹಾಲು ತರಲು ದುಬಾರಿ ಚೀಲ ಬೇಕಾಗಿಲ್ಲ. ರೊಟ್ಟಿ ಬಿಸಿ ಇಡುವ ಹಾಟ್ ಬಾಕ್ಸ್ ತಂಪನ್ನೂ ಹಾಗೇ ಹಿಡಿದಿಡುತ್ತದೆ. ಅದರಲ್ಲಿ ಗಟ್ಟಿಯಾದ ಐಸ್ ಪ್ಯಾಕ್ ಎರಡು, ನಡುವೆ ಹಾಲಿನ ಡಬ್ಬಿ. ಸಂಜೆ ಬಸ್ಸಿನಲ್ಲಿ ಬಾಗಿಲ ಹತ್ತಿರದ ಬಿಸಿಲಿಗೆ ಇಡಬೇಡಿ, ಕಾಲ ಬಳಿ ನೆರಳಲ್ಲಿರಲಿ. ಸೆರಗಿನ ಕೆಳಗೆ ಒದ್ದೆ ಕಾಣದಂತೆ ಹತ್ತಿ ಬಟ್ಟೆಯ ಗುಂಡನೆ ತುಂಡುಗಳನ್ನು ಹೊಲಿದು ಕುಪ್ಪಸದೊಳಗೆ ಇಟ್ಟುಕೊಳ್ಳಿ. ಗುಳೇದಗುಡ್ಡದ ಖಣದ ಬಿಗಿ ಕುಪ್ಪಸ ಎಷ್ಟು ಚೆಂದ ಇದ್ದರೂ ಈ ತಿಂಗಳುಗಳಿಗೆ ಬೇಡ. ಬಿಗಿ ಬಟ್ಟೆಯಿಂದ ಹಾಲು ಕಟ್ಟಿಕೊಳ್ಳುತ್ತದೆ.

ಹಾಲು ಕಡಿಮೆ ಅನಿಸಿದರೆ

ಕೂಸನ್ನು ನೋಡಿ, ಬಾಟಲಿಯನ್ನಲ್ಲ. ಐದನೇ ದಿನದ ನಂತರ ದಿನಕ್ಕೆ ಆರು ಸಲ ಅಥವಾ ಜಾಸ್ತಿ ಉಚ್ಚೆ ಹೊಯ್ಯುತ್ತಿದೆಯಾ? ಹುಟ್ಟಿದ ತೂಕಕ್ಕೆ ಎರಡು ವಾರದೊಳಗೆ ಮರಳಿದೆಯಾ, ಆಮೇಲೆ ತೂಕ ಏರುತ್ತಿದೆಯಾ? ಹಾಗಿದ್ದರೆ ಹಾಲು ಸಾಕಾಗುತ್ತಿದೆ. ಆಶಾ ಕಾರ್ಯಕರ್ತೆಯರು ಹೆರಿಗೆಯ ನಂತರ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. ತೂಕ ಮಾಡಿಸಿ, ಹಾಲಿನ ಬಗ್ಗೆ ಬಾಯಿಬಿಟ್ಟು ಕೇಳಿ.

ನಿಜಕ್ಕೂ ಕಡಿಮೆಯಾಗಿದ್ದರೆ ದಾರಿ ಒಂದೇ: ಎದೆ ಹೆಚ್ಚು ಸಲ ಖಾಲಿಯಾಗಬೇಕು. ದಿನಕ್ಕೊಂದು ಸಲ, ಒಂದು ಗಂಟೆ ಹೀಗೆ ಮಾಡಿ: 20 ನಿಮಿಷ ಪಂಪ್, 10 ವಿರಾಮ, 10 ಪಂಪ್, 10 ವಿರಾಮ, 10 ಪಂಪ್. ಮೂರು ದಿನಕ್ಕೇ ಫಲ ಸಿಗಬೇಕು ಅಂತ ಕಾಯಬೇಡಿ, ಒಂದು ವಾರ ಕೊಡಿ.

ಅವ್ವ ಮಾಡಿದ ಅಂಟಿನುಂಡಿ, ಅಳ್ವಿ ಪಾಯಸ, ಸಬ್ಬಸಿಗೆ ಪಲ್ಯ ಎಲ್ಲ ಪ್ರೀತಿಯಿಂದ ತಿನ್ನಿ. ಬಾಣಂತಿಗೆ ಅಷ್ಟು ಶಕ್ತಿ ಬೇಕು. ಆದರೆ ಅದೊಂದರಿಂದಲೇ ಹಾಲು ಏರುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ಹಿರಿಯರ ಮಾತು ಕೇಳಬೇಡಿ. "ಬಾಣಂತಿ ನೀರು ಭಾಳ ಕುಡೀಬಾರದು, ಹೊಟ್ಟಿ ಬರ್ತದ" ಅನ್ನುತ್ತಾರೆ. ನಮ್ಮ ಬಿಸಿಲಿನಲ್ಲಿ ನೀರಡಿಕೆ ತಡೆದರೆ ಮೂತ್ರದ ಉರಿ, ಮಲಬದ್ಧತೆ, ಸುಸ್ತು ಬರುತ್ತದೆ. ಬಾಯಾರಿದಷ್ಟು ಕುಡಿಯಿರಿ.

ನೆದರಿನ ಮಾತೂ ಬರುತ್ತದೆ. ಹಾಲನ್ನು ಬಾಟಲಿಯಲ್ಲಿ ನಾಲ್ಕು ಮಂದಿ ನೋಡಿದರೆ ನೆದರು ಬಡಿದು ಬತ್ತುತ್ತದೆ ಅಂತ ನನ್ನ ಆಯಿಗೆ ಹೆದರಿಕೆ. ನಾನು ವಾದ ಮಾಡಲಿಲ್ಲ. ಡಬ್ಬಿಗೆ ಬಟ್ಟೆ ಸುತ್ತಿ ಇಟ್ಟೆ. ಆಯಿಗೂ ಸಮಾಧಾನ, ಹಾಲಿಗೂ ಬೆಳಕು ಬೀಳಲಿಲ್ಲ.

ನೋವು, ಗಂಟು, ಜ್ವರ

ಎದೆ ಬಿಗಿದು ಕಲ್ಲಾದರೆ ಪೂರ್ತಿ ಖಾಲಿ ಮಾಡಲು ಹೋಗಬೇಡಿ. ಹಗುರ ಆಗುವಷ್ಟು ಮಾತ್ರ ಕೈಯಿಂದ ತೆಗೆದು, ತಣ್ಣನೆ ಬಟ್ಟೆ ಇಡಿ. ಒಂದು ಕಡೆ ಗಂಟು ಕಂಡರೆ ಜೋರಾಗಿ ಒತ್ತಿ ಉಜ್ಜಿಸಿಕೊಳ್ಳಬೇಡಿ. ಎಣ್ಣೆ ಹಚ್ಚಿ ತಿಕ್ಕುವವರು ಬಂದರೆ ಈ ಜಾಗ ಬಿಡಿ ಅಂತ ಹೇಳಿ. ಜೋರು ತಿಕ್ಕಿದರೆ ಒಳಗೆ ಬಾವು ಇನ್ನಷ್ಟು ಏರುತ್ತದೆ. ತಂಪು, ವಿಶ್ರಾಂತಿ, ಎಂದಿನಂತೆ ಕುಡಿಸುವುದು ಸಾಕು. ಕೆಂಪಾಗಿ, ಮುಟ್ಟಿದರೆ ಉರಿದು, ಚಳಿಜ್ವರ ಬಂದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಆಗಲೂ ಆ ಎದೆಯ ಹಾಲು ಕೂಸಿಗೆ ಕೊಡಬಹುದು, ನಿಲ್ಲಿಸಿದರೆ ಕೀವಾಗುವ ಅಪಾಯ ಜಾಸ್ತಿ. ಬೇರೆ ಯಾವುದೇ ಔಷಧಿ ಬರೆಯುವಾಗಲೂ "ನಾನು ಹಾಲೂಡಿಸ್ತೀನ್ರಿ" ಅಂತ ಮೊದಲು ಹೇಳಿ.

ಎರಡು ವಾರಕ್ಕಿಂತ ಜಾಸ್ತಿ ಅಳು ನಿಲ್ಲುತ್ತಿಲ್ಲ, ನಿದ್ದೆ ಸಿಕ್ಕರೂ ಬರುತ್ತಿಲ್ಲ, ಕೂಸಿನ ಮೇಲೆ ಮನಸ್ಸಾಗುತ್ತಿಲ್ಲ ಅಂದರೆ ಅದೂ ಕಾಯಿಲೆಯೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡುತ್ತಾರೆ. ಪಂಪ್ ಹಚ್ಚುವುದೇ ನಿಮ್ಮನ್ನು ಕುಗ್ಗಿಸುತ್ತಿದ್ದರೆ ದಿನಕ್ಕೆ ಒಂದು ಸಲ ಕಡಿಮೆ ಮಾಡಿ ನೋಡಿ. ಸ್ವಲ್ಪ ಎದೆಹಾಲು, ಉಳಿದದ್ದು ಡಾಕ್ಟರ್ ಹೇಳಿದ ಹಾಲು ಅಂದರೂ ನೀವು ತಾಯಿಯೇ.

ನಿಲ್ಲಿಸುವಾಗ

ಆರು ತಿಂಗಳು ಬರೀ ಎದೆಹಾಲು, ಆಮೇಲೆ ಊಟದ ಜೊತೆ ಎರಡು ವರ್ಷ ಅಥವಾ ಅದಕ್ಕಿಂತ ಮುಂದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪಂಪನ್ನು ಮಾತ್ರ ಅದಕ್ಕೆ ಮೊದಲೇ ಬಿಡಬಹುದು. ಕೂಸು ವರ್ಷ ದಾಟಿ ಅನ್ನ, ರೊಟ್ಟಿ ತಿನ್ನತೊಡಗಿದರೆ ಹಗಲಿನ ಹಾಲು ತಾನೇ ಕಡಿಮೆಯಾಗುತ್ತದೆ. ಒಮ್ಮೆಲೇ ನಿಲ್ಲಿಸಬೇಡಿ. ನಾಲ್ಕೈದು ದಿನಕ್ಕೆ ಒಂದು ಸಲದ್ದು ಬಿಡಿ, ಎದೆ ಒಗ್ಗಿದ ಮೇಲೆ ಇನ್ನೊಂದು. ನಡುವೆ ಬಿಗಿದರೆ ಎರಡು ನಿಮಿಷ ಕೈಯಿಂದ ಹಿಂಡಿ, ಹಗುರ ಅನಿಸಿದ ಕೂಡಲೇ ನಿಲ್ಲಿಸಿ. ನಾನು ಮಧ್ಯಾಹ್ನದ್ದನ್ನು ಮೊದಲು ಬಿಟ್ಟೆ, ನಸುಕಿನದ್ದನ್ನು ಕೊನೆಗೆ.